ಎಡಗೋಡೆಯ ಮೇಲೊಂದು ದೂರು

ನನ್ನ ಕಣ್ಣಿನ ಮೇಲೆ ನನಗೆ ಬಹಳ ಅಭಿಮಾನವಿತ್ತು. ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರನಾಗಿ ನಿವೃತ್ತನಾದವನು ನಾನು. ಪರೀಕ್ಷೆಯ ದಿನ ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಯಾರ ತೋಳಿನ ಮಡಿಕೆಯಲ್ಲಿ ಚೀಟಿ ಇದೆ, ಯಾರ ಸ್ಕೇಲಿನ ಹಿಂದೆ ಸೂತ್ರ ಬರೆದಿದೆ ಎಂದು ಹೇಳಿಬಿಡುತ್ತಿದ್ದೆ. ಹುಡುಗರು ನನಗೆ ಹದ್ದು ಎಂದು ಅಡ್ಡಹೆಸರು ಇಟ್ಟಿದ್ದರು. ಅವರು ಬೈಗುಳವೆಂದು ಇಟ್ಟದ್ದನ್ನು ನಾನು ಪ್ರಶಸ್ತಿಯೆಂದು ಸ್ವೀಕರಿಸಿದ್ದೆ. ಈ ಅಭಿಮಾನವನ್ನು ಮಣ್ಣುಪಾಲು ಮಾಡಿದ್ದು ಒಂದು ವಿಡಿಯೊ ಗೇಮ್, ಅದೂ ದೆವ್ವದ ಗೇಮ್.

ನಾವಿರುವುದು ಪುತ್ತೂರು ಪೇಟೆಯಿಂದ ಸ್ವಲ್ಪ ಹೊರಗೆ. ಕೆಳಗೆ ನಾನು ಮತ್ತು ನನ್ನ ಹೆಂಡತಿ, ಮೇಲಿನ ಮಹಡಿಯಲ್ಲಿ ಮಗಳು, ಅಳಿಯ ಮತ್ತು ಮೊಮ್ಮಗಳು. ಮಗಳು ಪೇಟೆಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್, ಬೆಳಿಗ್ಗೆ ಏಳೂವರೆಗೆ ಡ್ಯೂಟಿ. ಅಳಿಯ ಅರಂತೋಡಿನವನು, ಸುಳ್ಯದಲ್ಲಿ ಫ್ಲೆಕ್ಸ್ ಮತ್ತು ಮದುವೆ ಕಾಗದ ಪ್ರಿಂಟ್ ಮಾಡುವ ಅಂಗಡಿ ಇಟ್ಟಿದ್ದಾನೆ. ಎಂಟು ಗಂಟೆಗೆ ಬೈಕ್ ಹತ್ತಿದರೆ ಮತ್ತೆ ಕಾಣುವುದು ಸಂಜೆಗೆ. ಮೊಮ್ಮಗಳು ಕಳೆದ ಜೂನಿನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಶಾಲೆ ಇರುವುದು ಬೆಟ್ಟಂಪಾಡಿ ರಸ್ತೆಯಲ್ಲಿ, ಶಾಲೆಯ ವ್ಯಾನು ನಮ್ಮ ಕಡೆ ಬರುವುದಿಲ್ಲ. ಹಾಗಾಗಿ ಮಗುವನ್ನು ದಿನಾ ನನ್ನ ಕಾರಿನಲ್ಲಿ ನಾನೇ ಬಿಟ್ಟು ಬರುವುದೆಂದು ನಿಶ್ಚಯವಾಯಿತು. ನಿಶ್ಚಯವಾಯಿತು ಎಂದರೆ ನಾನು ಹೇಳಿದೆ, ಉಳಿದವರು "ಆಯ್ತು" ಎಂದರು. ನಮ್ಮ ಮನೆಯಲ್ಲಿ ಎಲ್ಲವೂ ನಿಶ್ಚಯವಾಗುವುದು ಹೀಗೆಯೇ.

ಆದರೆ ನನ್ನ ಡ್ರೈವಿಂಗಿನ ವಿಷಯದಲ್ಲಿ ಮನೆಯವರು ಒಂದು ವರ್ಷದಿಂದ ವಿಚಿತ್ರವಾಗಿ ಆಡುತ್ತಿದ್ದರು. ಕಾರು ತೆಗೆಯುತ್ತೇನೆ ಎಂದರೆ ಮಗಳಿಗೆ ವಾಂತಿ ಬಂದ ಹಾಗೆ ಆಗುತ್ತಿತ್ತು, ಮೊದಲು ಹಾಗೆ ಆಗುತ್ತಿರಲಿಲ್ಲ. ಅಳಿಯ "ಬೈಕಲ್ಲಿ ಒಳ್ಳೆ ಗಾಳಿ ಸಿಗ್ತದೆ ಮಾವ" ಎಂದು ಆಟಿ ತಿಂಗಳ ಜಡಿಮಳೆಯಲ್ಲಿ ರೈನ್‌ಕೋಟು ಹಾಕಿಕೊಂಡು ಹೊರಡುತ್ತಿದ್ದ. ಕಾರಿನ ಎಡಗಡೆಯ ಕನ್ನಡಿ ಮೂರು ಸಲ ಮುರಿದಿತ್ತು. ಒಂದು ಸಲಕ್ಕೆ ನಾನು ಆಟೋದವನನ್ನು ಬೈದೆ, ಇನ್ನೊಂದು ಸಲಕ್ಕೆ ಒಂದು ಎಮ್ಮೆಯನ್ನು, ಮೂರನೆಯ ಸಲಕ್ಕೆ ನಮ್ಮ ಗೇಟಿನ ಕಂಬ ಕಟ್ಟಿದ ಮೇಸ್ತ್ರಿಯನ್ನು. ಕಂಬ ಹನ್ನೆರಡು ವರ್ಷದಿಂದ ಅಲ್ಲಿಯೇ ಇತ್ತು. ನನ್ನ ಒಟ್ಟಿಗೆ ಕಾರಿನಲ್ಲಿ ಹೆಚ್ಚುಕಡಿಮೆ ದಿನಾ ಕೂರುತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ.

ಮೇ ತಿಂಗಳ ಒಂದು ಭಾನುವಾರ ಊಟ ಮುಗಿಸಿ ಕೂತಿದ್ದೆವು. ಮಗು ಮಲಗಿತ್ತು. ಸೆಕೆಗೆ ಯಾರಿಗೂ ಏಳುವ ಮನಸ್ಸಿರಲಿಲ್ಲ. ಆಗ ಅಳಿಯ ಒಂದು ಹೊಸ ಗೇಮ್ ತಂದಿದ್ದೇನೆ, ನಾಲ್ಕು ಜನ ಸೇರಿ ಆಡುವುದು, ನೀವಿಬ್ಬರೂ ಬನ್ನಿ ಎಂದು ಕರೆದ.

"ನನಗೆ ಎಂತ ಬರ್ತದೆ ಮಾರಾಯ್ರೆ, ಬಂದೂಕು ಬಿಡ್ಲಿಕ್ಕೆಲ್ಲ ಆಗುದಿಲ್ಲ" ಎಂದಳು ನನ್ನ ಹೆಂಡತಿ.

"ಬಂದೂಕು ಇಲ್ಲ ಅತ್ತೆ. ಬರೀ ನೋಡುದು. ಮೊದಲು ಹೇಗಿತ್ತು, ಈಗ ಎಂತ ಬದಲಾಗಿದೆ ಅಂತ ಹೇಳುದು. ಅಷ್ಟೇ."

ನೋಡುವುದು ಎಂದ ಕೂಡಲೇ ನಾನು ಕುರ್ಚಿಯನ್ನು ಮುಂದಕ್ಕೆ ಎಳೆದೆ.

ಆಟ ಹೀಗಿತ್ತು. ಒಂದು ಹಳೆಯ ಲಾಡ್ಜು, ಏಳು ಮಹಡಿ. ಪ್ರತಿ ಮಹಡಿಯಲ್ಲೂ ಅದೇ ಉದ್ದದ ಓಣಿ: ಎರಡೂ ಬದಿಗೆ ಗೋಡೆ, ಬಾಗಿಲುಗಳು, ಹೂವಿನ ಕುಂಡ, ಗಡಿಯಾರ, ಗೋಡೆಯಲ್ಲಿ ಚಿತ್ರಗಳು, ಬೆಂಕಿ ಆರಿಸುವ ಕೆಂಪು ಬಾಲ್ದಿ. ಮೊದಲು ಎಲ್ಲ ಸರಿಯಿರುವ ಓಣಿಯನ್ನು ತೋರಿಸುತ್ತಾರೆ. ಅದನ್ನು ನೆನಪಿಟ್ಟುಕೊಳ್ಳಬೇಕು. ಆಮೇಲೆ ಮಹಡಿ ಹತ್ತುತ್ತ ಹೋಗುವಾಗ ಎಲ್ಲವೂ ಮೊದಲಿನ ಹಾಗೆಯೇ ಇದ್ದರೆ ಮುಂದಿನ ಬಾಗಿಲಿನಿಂದ ಹೋಗಬೇಕು. ಒಂದು ಸಣ್ಣ ವಸ್ತು ಬದಲಾಗಿದ್ದರೂ ಹಿಂದಿನ ಬಾಗಿಲಿನಿಂದ ಹೋಗಬೇಕು. ನಾಲ್ವರೂ ಒಂದೇ ಬಾಗಿಲಿನಿಂದ ಹೋಗಬೇಕು. ತಪ್ಪಿದರೆ ಅಥವಾ ತಡಮಾಡಿದರೆ ಕರಿ ಕೋಟು ಹಾಕಿದ, ಮುಖವೇ ಇಲ್ಲದ ಒಬ್ಬ ಉದ್ದ ಮನುಷ್ಯ ಬಂದು ಎಲ್ಲರನ್ನೂ ಹಿಡಿಯುತ್ತಾನೆ. ಮತ್ತೆ ಒಂದನೇ ಮಹಡಿಯಿಂದ ಶುರು.

ನಾನು ಹಿರಿಯನೆಂದು ನನಗೆ ದೊಡ್ಡ ಟಿ.ವಿ. ಕೊಟ್ಟರು. ಉಳಿದವರು ಮೊಬೈಲು, ಟ್ಯಾಬ್ಲೆಟ್ಟು ಹಿಡಿದು ಹಾಲಿನಲ್ಲಿ ಅಲ್ಲಲ್ಲಿ ಕೂತರು. ಹಿರಿಯನೆಂದು ಕೊನೆಯ ತೀರ್ಮಾನವೂ ನನ್ನದೇ.

ಮೊದಲ ಸಲ ನಾವು ಸತ್ತದ್ದು ಮರ್ಯಾದೆಯಿಂದ. ಎರಡನೇ ಮಹಡಿಯ ಕೊನೆ ತಲುಪಿದ್ದೆವು. ಬಾಗಿಲಿನ ಹತ್ತಿರ, ತೆರೆಯ ಮೇಲೆ ನಾನೆಂದು ಓಡಾಡುತ್ತಿದ್ದ ಬೊಂಬೆಯೂ ಅಳಿಯನ ಬೊಂಬೆಯೂ ಎದುರುಬದುರಾದವು.

"ನೀವು ಹೋಗಿ ಮಾವ" ಎಂದ ಅವನು.

ನಮ್ಮಲ್ಲಿ ಅಳಿಯನಿಗೂ ಒಂದು ಮರ್ಯಾದೆ ಇದೆಯಷ್ಟೆ. ಹೆಣ್ಣು ಕೊಟ್ಟ ಮನೆಯವನು ಮುಂದೆ ನುಗ್ಗುವುದು ಸರಿಯಲ್ಲ. "ಇಲ್ಲ, ನೀವು ಹೋಗಿ ಅಳಿಯಂದಿರೇ" ಎಂದೆ.

"ಛೆ, ಛೆ, ನೀವು ಇರುವಾಗ ನಾನು ಮೊದಲು ಹೋಗುದಾ?"

"ಪರವಾಗಿಲ್ಲ, ಹೋಗಿ."

ಅಷ್ಟರಲ್ಲಿ ಕರಿ ಕೋಟಿನವನು ಬಂದ. ಅವನು ಯಾರ ಮರ್ಯಾದೆಯನ್ನೂ ನೋಡಲಿಲ್ಲ. ಅಳಿಯನ ಮನೆಯಲ್ಲಿ ಅರೆಭಾಷೆ, ನಮ್ಮಲ್ಲಿ ತುಳು. ಮದುವೆಯಾದಾಗಿನಿಂದ ಎರಡೂ ಕಡೆಯವರು ಒಬ್ಬರಿಗೊಬ್ಬರು ಗೌರವದಿಂದ ಕನ್ನಡದಲ್ಲಿ ಮಾತಾಡುತ್ತ ಬಂದವರು. ಆ ಕ್ಷಣದಲ್ಲಿ ಮಾತ್ರ ಅಳಿಯ "ಓ ಅವ್ವಾ!" ಎಂದ, ಮಗಳು "ಅಯ್ಯೋ ಅಪ್ಪೆ!" ಎಂದಳು. ಎಂಟು ವರ್ಷದಲ್ಲಿ ಮೊದಲ ಬಾರಿ ಅವರವರ ಭಾಷೆ ಹೊರಗೆ ಬಂತು.

ಹೆದರದವಳು ನನ್ನ ಹೆಂಡತಿ ಮಾತ್ರ. "ಅದು ಯಾಕೆ ಹಾಗೆ ಹಿಂದೆಯೇ ಬರುದು? ಅದಕ್ಕೆ ಎಂತ ಬೇಕಂತೆ? ಒಮ್ಮೆ ನಿಲ್ಲಿಸಿ ಕೇಳಬಾರದಾ?" ಎಂದಳು. ನಮ್ಮೂರಿನಲ್ಲಿ ಭೂತವೆಂದರೆ ಹಾಗೆಯೇ. ಎದುರಿಗೆ ನಿಂತು ಕೈಮುಗಿದು ಏನು ಕೊರತೆಯಾಯಿತೆಂದು ಕೇಳಿದರೆ ಅದು ಹೇಳುತ್ತದೆ, ನಾವು ಒಪ್ಪಿಕೊಳ್ಳುತ್ತೇವೆ, ಅಲ್ಲಿಗೆ ಮುಗಿಯಿತು. ಬಾಯಿಯೇ ಇಲ್ಲದ ಭೂತವನ್ನು ಮಾಡಿದವರು ಎಂಥ ಜನ ಎಂದು ಅವಳಿಗೆ ಬೇಸರ.

ಮತ್ತೆ ಆಡಿದೆವು. ಯಾರು ಮೊದಲು ಹೋಗಬೇಕೆಂಬುದನ್ನು ಮಾತಾಡಿಕೊಂಡೆವು: ನಾನು, ಅಳಿಯ, ಮಗಳು, ಹೆಂಡತಿ. ಆದರೂ ಮೂರನೇ ಮಹಡಿ ದಾಟಲಿಲ್ಲ. ಓಣಿಯ ನಡುವೆ ನಾನು ನೆಟ್ಟಗೆ ನಡೆಯುತ್ತಿದ್ದೆ, ಪರೀಕ್ಷಾ ಕೋಣೆಯಲ್ಲಿ ನಡೆಯುತ್ತಿದ್ದ ಹಾಗೆಯೇ. ಹೆಂಡತಿ ಹಿಂದಿನಿಂದ ಮೆಲ್ಲಗೆ "ಆ ಹೂವಿನ ಕುಂಡ..." ಎಂದಳು.

"ಯಾವ ಹೂವಿನ ಕುಂಡ? ಎಂತ ಇಲ್ಲ. ಎಲ್ಲ ಸರಿ ಉಂಟು" ಎಂದೆ ನಾನು.

"ಆಯ್ತು" ಎಂದಳು ಅವಳು. ಮಗಳು "ಆಯ್ತಪ್ಪ" ಎಂದಳು. ಅಳಿಯ "ಮಾವ ಹೇಳಿದ ಮೇಲೆ ಮುಗೀತು" ಎಂದ. ನಾಲ್ವರೂ ಸಾಲಾಗಿ ಮುಂದಿನ ಬಾಗಿಲಿನಿಂದ ಹೋಗಿ ಸತ್ತೆವು. ಸತ್ತ ಮೇಲೆ ಗೇಮ್ ತಪ್ಪು ಎಲ್ಲಿತ್ತೆಂದು ತೋರಿಸುತ್ತದೆ. ಹೂವಿನ ಕುಂಡದಲ್ಲಿ ಹೂವಿನ ಬದಲು ಕೈಬೆರಳುಗಳು ಇದ್ದವು.

"ಅದು ಮೊದಲು ಇರಲಿಲ್ಲ. ನಾವು ದಾಟಿದ ಮೇಲೆ ಇಟ್ಟದ್ದು" ಎಂದೆ.

"ಹೌದು ಮಾವ, ಕೆಲವು ಸಲ ಗೇಮಿನದ್ದೇ ತಪ್ಪು ಇರ್ತದೆ" ಎಂದ ಅಳಿಯ, ಕಣ್ಣು ಮೊಬೈಲಿನಿಂದ ಎತ್ತದೆ.

ಆ ತಿಂಗಳ ನಾಲ್ಕು ಭಾನುವಾರಗಳೂ ಹೀಗೆಯೇ ಕಳೆದವು. ಗಡಿಯಾರದ ಮುಳ್ಳು ಹಿಂದಕ್ಕೆ ಓಡಿತು, ನಾನು ಸರಿ ಎಂದೆ, ಸತ್ತೆವು. ಚಿತ್ರದೊಳಗಿನ ಹೆಂಗಸು ಚಿತ್ರದಿಂದ ಎದ್ದುಹೋಗಿ ಬರೀ ಕುರ್ಚಿ ಉಳಿದಿತ್ತು, ನಾನು ಸರಿ ಎಂದೆ, ಸತ್ತೆವು. ಒಂದು ಬಾಗಿಲು ಅರ್ಧ ತೆರೆದು ಒಳಗಿನಿಂದ ಯಾರೋ ಕೈಬೀಸಿ ಕರೆಯುತ್ತಿದ್ದರು. ಅದನ್ನೂ ನಾನು ಸರಿ ಎಂದೆನಂತೆ. ಮನೆಯವರೆಲ್ಲ ಕೈಬೀಸುವವನ ಎದುರಿನಿಂದಲೇ ನನ್ನ ಹಿಂದೆ ನಡೆದು ಬಂದರು, ಒಬ್ಬರೂ ಬಾಯಿ ಬಿಡಲಿಲ್ಲ.

ನನಗೆ ಸೋಲುವ ಅಭ್ಯಾಸವಿಲ್ಲ. ಗೇಮಿನಲ್ಲಿ ದೋಷವಿದೆ ಎಂದು ಸಾಧಿಸಲು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಶುರುಮಾಡಿದೆ. ಮಹಡಿ, ನಾನು ಹೇಳಿದ್ದು, ಗೇಮ್ ಹೇಳಿದ್ದು, ವಸ್ತು, ವಸ್ತು ಇದ್ದ ಸ್ಥಳ, ಷರಾ. ಮೇ ಕೊನೆಗೆ ಹದಿನೇಳು ನಮೂದುಗಳಾದವು. ಗೇಮ್ ಮಾಡಿದ ಕಂಪನಿಗೆ ಒಂದು ಪತ್ರ ಬರೆಯುವುದೆಂದು ಒಂದು ಬುಧವಾರ ಬೆಳಿಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕೂತೆ. ಅಳಿಯ ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಲಿ ಎಂದು ಕನ್ನಡದಲ್ಲಿ ಬರೆದೆ. "ಮಾನ್ಯರೇ, ತಮ್ಮ ಆಟವನ್ನು ಶಿಸ್ತಿನಿಂದ ಆಡಿದ ಹಿರಿಯ ನಾಗರಿಕನಾಗಿ ಈ ಕೆಳಗಿನ ಲೋಪವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ" ಎಂದು ಶುರುಮಾಡಿ, ಲೋಪ ಯಾವುದೆಂದು ಬರೆಯಲು ಪಟ್ಟಿಯನ್ನು ತೆರೆದೆ.

"ವಸ್ತು ಇದ್ದ ಸ್ಥಳ" ಎಂಬ ಕಾಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ನನ್ನದೇ ದುಂಡು ಅಕ್ಷರದಲ್ಲಿ ಎಡಗೋಡೆ, ಎಡಗೋಡೆ, ಎಡಗೋಡೆ ಎಂದು ಹದಿನೇಳು ಸಲ ಇತ್ತು. ಬಲಗೋಡೆಯ ತಪ್ಪುಗಳನ್ನು ನಾನು ಒಂದೂ ಬಿಡದೆ ಹಿಡಿದಿದ್ದೆ.

ಬುದ್ಧಿ ಇದ್ದವನು ಅಲ್ಲಿಯೇ ಪೆನ್ನು ಕೆಳಗಿಡುತ್ತಿದ್ದ. ನಾನು ಹಿಗ್ಗಿಬಿಟ್ಟೆ. ಕಳ್ಳನನ್ನು ಹಿಡಿದ ಸಂತೋಷ. "ತಮ್ಮ ಆಟದಲ್ಲಿ ಎಡಗೋಡೆಯ ಕುರಿತು ಸ್ಪಷ್ಟವಾದ ಪಕ್ಷಪಾತ ಕಂಡುಬಂದಿದೆ. ಕೂಡಲೇ ಸರಿಪಡಿಸತಕ್ಕದ್ದು" ಎಂದು ಬರೆದು, ಕೆಳಗೆ ಗೆರೆ ಎಳೆದು, ಅಡುಗೆಮನೆಗೆ ಹೋಗಿ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಅವಳು ಸಾರು ಕಲಕುತ್ತಿದ್ದಳು. ಓದಿ ಮುಗಿದ ಮೇಲೆ ಗ್ಯಾಸು ಆರಿಸಿದಳು. ಸೌಟು ಹಿಡಿದುಕೊಂಡೇ ನನ್ನ ಕೈಹಿಡಿದು ಜಗಲಿಗೆ ಕರೆದುಕೊಂಡು ಬಂದು ಗೇಟಿಗೆ ಮುಖ ಮಾಡಿ ನಿಲ್ಲಿಸಿದಳು.

"ಗೇಟನ್ನೇ ನೋಡಿ. ಆಚೆ ಈಚೆ ತಿರುಗ್ಬೇಡಿ. ಸೌಟು ಕಾಣ್ತದಾ?"

"ಎಲ್ಲಿ ಸೌಟು? ಅಡುಗೆಮನೆಯಲ್ಲಿ ಇಟ್ಟು ಬಂದ್ಯಾ?"

"ಈಗ?"

"ಇಲ್ಲ."

"ಈಗ?"

ನನ್ನ ಎಡಗೆನ್ನೆಗೆ ಏನೋ ಬಿಸಿಯಾಗಿ ತಾಗಿತು. ತಿರುಗಿ ನೋಡಿದರೆ ಸೌಟು. ಅದರಿಂದ ಸಾರು ನನ್ನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಲಗಡೆಯಿಂದ ತಂದಾಗ ಮಾತ್ರ ದೂರದಲ್ಲಿ ಇರುವಾಗಲೇ ಕಂಡಿತು. ಎರಡು ಸಲ, ಮೂರು ಸಲ ಮಾಡಿಸಿದೆ. ನಾಲ್ಕನೇ ಸಲಕ್ಕೆ ಅಲ್ಲಿಯೇ ಮೆಟ್ಟಿಲಿನಲ್ಲಿ ಕೂತುಬಿಟ್ಟೆ.

ಆಗ ನನಗೆ ಐವರ್ನಾಡಿನ ಮದುವೆಯೊಂದು ನೆನಪಾಯಿತು. ನಾಲ್ಕು ಜನರ ಎದುರು ನಾನು ಬಡಿಸುವವನೊಬ್ಬನನ್ನು ಕರೆದು, ಎಲೆಗೆ ಉಪ್ಪು ಉಪ್ಪಿನಕಾಯಿ ಹಾಕುವ ಕ್ರಮವನ್ನೇ ಬಿಟ್ಟಿದ್ದೀರಾ ಎಂದು ಗದರಿಸಿದ್ದೆ. ಆ ಮನುಷ್ಯ ನನ್ನ ಎಲೆಯ ಎಡಮೂಲೆಯನ್ನು ನೋಡಿದ, ನನ್ನ ಮುಖ ನೋಡಿದ, ಮತ್ತೊಂದು ತುಂಡು ಉಪ್ಪಿನಕಾಯಿ ತಂದು ಎಲೆಯ ನಡುವಿಗೆ ಹಾಕಿ "ತಪ್ಪಾಯ್ತು ಮಾಸ್ಟ್ರೆ" ಎಂದಿದ್ದ. ಅವನಿಗೆ ನಾನೊಂದು ಕ್ಷಮೆ ಕೇಳುವುದಿದೆ. ಆ ಎಮ್ಮೆಗೂ.

"ನಿನಗೆ ಯಾವಾಗಿಂದ ಗೊತ್ತುಂಟು?" ಎಂದು ಕೇಳಿದೆ.

"ಹೋದ ಮಳೆಗಾಲದಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕೇಳ್ತಿದ್ರಾ? ಕಣ್ಣು ಸರಿ ಉಂಟು ಅಂತ ಪೇಪರಿನ ಸಣ್ಣ ಅಕ್ಷರ ಓದಿ ತೋರಿಸ್ತಿದ್ರಿ." ಅವಳು ನನ್ನ ಪಕ್ಕ ಮೆಟ್ಟಿಲಿನಲ್ಲಿ ಕೂತಳು. "ಹಾಗೆ ನಾನು ಕಾರಲ್ಲಿ ಹೇಳ್ತಾ ಇದ್ದದ್ದು."

ಕಾರಿನಲ್ಲಿ ಅವಳ ಬಾಯಿ ನಿಲ್ಲುತ್ತಿರಲಿಲ್ಲ ಎಂಬುದು ನಿಜ. ಒಂದು ವರ್ಷದಿಂದ ಆ ವಟವಟಕ್ಕೆ ನಾನು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. "ಅಗೋ, ಆ ಸ್ಕೂಟರಿನ ಹೆಂಗಸಿನ ಸೀರೆ ನೋಡಿ, ಎಷ್ಟು ಚಂದ." "ಇಲ್ಲಿ ಮಕ್ಕಳು ಶಾಲೆ ಬಿಟ್ಟು ಬರ್ತಾ ಇದ್ದಾರೆ ಅಲ್ವಾ?" "ಆ ಮೋರಿಗೆ ಇನ್ನೂ ಚಪ್ಪಡಿ ಹಾಕ್ಲಿಲ್ಲ ನೋಡಿ." ಸ್ಕೂಟರಿನ ಹೆಂಗಸು, ಶಾಲೆಯ ಮಕ್ಕಳು, ಚಪ್ಪಡಿ ಇಲ್ಲದ ಮೋರಿ, ಎಲ್ಲವೂ ರಸ್ತೆಯ ಎಡಬದಿಗೆ ಇದ್ದವು. ಡ್ರೈವಿಂಗ್ ಮಾಡುವಾಗ ತಲೆ ತಿನ್ನಬೇಡ ಎಂದು ನಾನು ಗದರಿಸುತ್ತಿದ್ದೆ, ಆದರೆ ಗದರಿಸುವ ಮೊದಲು ಅವಳು ತೋರಿಸಿದ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದೆ. ಅವಳಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಮಡಿಕೇರಿ ರಸ್ತೆಯಲ್ಲಿ ಅರಂತೋಡಿನವರೆಗೆ ಹೋಗಿ ಬಂದರೆ ಅವಳ ಗಂಟಲು ಕಟ್ಟಿರುತ್ತಿತ್ತು. ಅವಳಿಲ್ಲದೆ ನಾನೊಬ್ಬನೇ ಹೋದ ಮೂರು ದಿನಗಳಲ್ಲಿ ಕನ್ನಡಿ ಮೂರು ಸಲ ಮುರಿದಿತ್ತು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಮರುದಿನ ಆಟೋದಲ್ಲಿ ಪುತ್ತೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಗಡಗಡ ಓದಿದೆ, ಇನ್ನೂ ಸಣ್ಣದಿದೆಯಾ ಎಂದೂ ಕೇಳಿದೆ. ಆಮೇಲೆ ಒಂದು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅದೂ ಒಂದು ಗೇಮೇ. ವ್ಯತ್ಯಾಸವೆಂದರೆ ಅಲ್ಲಿ ನಾನೊಬ್ಬನೇ ಇದ್ದೆ, ಮಾವ ಹೇಳಿದ್ದು ಸರಿ ಎನ್ನಲು ಯಾರೂ ಇರಲಿಲ್ಲ. ಬಂದ ಕಾಗದದಲ್ಲಿ ಬಲಬದಿ ಬಿಳಿ, ಎಡಬದಿ ಕಪ್ಪು. ಮಂಗಳೂರಿನಲ್ಲಿ ತಲೆಯ ಸ್ಕ್ಯಾನೂ ಆಯಿತು.

"ಕಣ್ಣಿಗೆ ಎಂತ ಆಗ್ಲಿಲ್ಲ ಮಾಸ್ಟ್ರೆ" ಎಂದರು ಡಾಕ್ಟರು. "ತಲೆಯ ಹಿಂಬದಿಯ ಒಂದು ಸಣ್ಣ ರಕ್ತನಾಳ ಯಾವಾಗಲೋ ಬ್ಲಾಕ್ ಆಗಿದೆ. ಎಡಬದಿ ಕಾಣುದನ್ನು ನೋಡಿಕೊಳ್ಳುವ ಜಾಗ ಅದು. ಮಾತ್ರೆ ಕೊಡ್ತೇನೆ, ಇನ್ನೊಂದು ಸಲ ಆಗದ ಹಾಗೆ. ಆದರೆ ಕಾರು ಓಡಿಸ್ಲಿಕ್ಕಿಲ್ಲ."

"ನಿಧಾನಕ್ಕೆ?"

"ನಿಧಾನಕ್ಕೂ ಇಲ್ಲ."

ಮಗಳಿಗೂ ಅಳಿಯನಿಗೂ ಮದುವೆಗೆ ಹೋಗಿದ್ದೆವು ಎಂದು ಸುಳ್ಳು ಹೇಳಿದೆವು. ಆ ಸುಳ್ಳು ನನ್ನದು, ಹೆಂಡತಿ "ಆಯ್ತು" ಎಂದದ್ದಷ್ಟೇ. ಶಾಲೆ ಶುರುವಾಗಲು ಮೂರು ದಿನ ಇತ್ತು. ನನಗೆ ಕಾರು ಬಿಡಲು ಮನಸ್ಸಿರಲಿಲ್ಲ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಾರು ಬಿಟ್ಟರೆ ನಾನು ಯಾರು? ಮನೆಯಲ್ಲಿ ಪೇಪರು ಓದಿ ಊಟಕ್ಕೆ ಕಾಯುವ ಮುದುಕ. ಮೊಮ್ಮಗಳು ಆಗಲೇ ಬೀದಿಯ ಮಕ್ಕಳಿಗೆಲ್ಲ "ನಾನು ಅಜ್ಜನ ಕಾರಲ್ಲಿ ಶಾಲೆಗೆ ಹೋಗುದು" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಬೆಟ್ಟಂಪಾಡಿ ರಸ್ತೆಯೇನು ಹೆದ್ದಾರಿಯೇ? ಒಂದು ಉಪಾಯ ಹೊಳೆಯಿತು. ಹೆಂಡತಿ ಎಡಗಡೆ ಕೂತು ಹೇಳುತ್ತ ಹೋಗುವುದು, ನಾನು ಓಡಿಸುವುದು. ಒಂದು ವರ್ಷ ಹಾಗೆಯೇ ಓಡಿಸಿಲ್ಲವೇ? ಈಗ ಸೀರೆ, ಮೋರಿ ಎಂದು ಸುತ್ತು ಬಳಸಬೇಕೆಂದಿಲ್ಲ, ನೇರವಾಗಿ ಹೇಳಿದರಾಯಿತು.

ಹೆಂಡತಿ ಕೇಳಿಸಿಕೊಂಡು, "ಅದನ್ನು ಮಗುವಿನ ಅಪ್ಪ ಅಮ್ಮನ ಹತ್ರ ಕೇಳಿ. ನಾನು ಹೇಳುದಲ್ಲ" ಎಂದಳು.

ಕೇಳಲು ನನಗೇನೂ ಭಯವಿರಲಿಲ್ಲ. ಉತ್ತರ ಗೊತ್ತಿತ್ತಲ್ಲ.

ಶಾಲೆ ಶುರುವಾಗುವ ಹಿಂದಿನ ದಿನ, ಭಾನುವಾರ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಮಗು ಬೇಗ ಉಂಡು ಹೊಸ ಬ್ಯಾಗು ಬೆನ್ನಿಗೇರಿಸಿಕೊಂಡು ಅಂಗಳದಲ್ಲಿ ತಿರುಗುತ್ತಿತ್ತು.

"ನಾಳೆ ಎಂಟೂವರೆಗೆ ಹೊರಡುದಲ್ವಾ ಮಾವ?" ಎಂದ ಅಳಿಯ, ಅನ್ನವನ್ನೇ ನೋಡುತ್ತ.

ನಾನು ಎದ್ದು ಹೋಗಿ ಡಾಕ್ಟರ ಕಾಗದಗಳನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟೆ. ಅಳಿಯ ಎಡಗೈಯಲ್ಲಿ ಹಿಡಿದು ಓದಿದ. ಮಗಳು ಅವನ ಹೆಗಲ ಮೇಲಿನಿಂದ ಓದಿದಳು. ರಿಪೋರ್ಟು ಓದುವುದು ಅವಳಿಗೆ ದಿನಾ ಮಾಡುವ ಕೆಲಸ, ಅವಳ ಮುಖ ಬಿಳುಚಿತು. ನಾನು ವಿಷಯವನ್ನೆಲ್ಲ ಹೇಳಿ, "ಅತ್ತೆ ಪಕ್ಕದಲ್ಲಿ ಕೂತು ಎಡಬದಿ ನೋಡಿ ಹೇಳ್ತಾಳೆ. ನಾನು ಓಡಿಸ್ತೇನೆ. ಮಗುವನ್ನು ಕರಕೊಂಡು ಹೋಗಬಹುದಲ್ವಾ ಅಳಿಯಂದಿರೇ?" ಎಂದು ಕೇಳಿದೆ.

ಅಳಿಯ ಕಾಗದವನ್ನು ಮಡಚಿದ.

"ಸ್ವಲ್ಪ ನಿಧಾನ ಓಡಿಸಿದ್ರೆ ಆಯ್ತು ಮಾವ" ಎಂದ.

ನಾನು ಬಯಸಿದ ಉತ್ತರ ಅದೇ ಆಗಿತ್ತು. ಆದರೂ ಅದು ಕಿವಿಗೆ ಬಿದ್ದಾಗ ನನಗಾದಷ್ಟು ಹೆದರಿಕೆ ಆ ಲಾಡ್ಜಿನ ಯಾವ ಮಹಡಿಯಲ್ಲೂ ಆಗಿರಲಿಲ್ಲ. ಒಳ್ಳೆಯವನು ಅವನು. ತನ್ನ ಪುಟ್ಟ ಮಗಳೆಂದರೆ ಪ್ರಾಣ. ಅವಳಿಗೆ ಜ್ವರ ಬಂದರೆ ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂರುವವನು. ಅಂಥವನಿಗೆ ನನ್ನ ಎದುರು ಬೇಡ ಎನ್ನುವುದಕ್ಕಿಂತ ಆ ಮಗುವನ್ನು ನನ್ನ ಕಾರಿನಲ್ಲಿ ಕೂರಿಸುವುದು ಸುಲಭವಾಗಿ ಕಂಡಿತು. ಅವನನ್ನು ಹಾಗೆ ಮಾಡಿಟ್ಟವನು ನಾನು. ಶಾಲೆಯಲ್ಲಿ ಮೂವತ್ತು ನಲವತ್ತು ಮಕ್ಕಳ ಬಾಯಿ ಮುಚ್ಚಿಸಿದ ಅದೇ ದನಿಯಲ್ಲಿ ಮನೆಯವರ ಬಾಯಿಯನ್ನೂ ಮುಚ್ಚಿಸಿ, ಅದನ್ನು ಗೌರವ ಎಂದು ಕರೆದುಕೊಂಡು ಕೂತಿದ್ದೆ.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ತಪ್ಪು ಮನುಷ್ಯನ ಮೇಲೆಯೇ ಬರುವುದು.

"ಎಂತ ಮಾತಾಡ್ತೀರಿ ನೀವು?" ಎಂದು ಗುಡುಗಿದೆ. "ಎಡಬದಿ ಕಾಣದವನ ಕಾರಲ್ಲಿ ಮಗುವನ್ನು ಕೂರಿಸ್ತೀರಾ? ಅಪ್ಪ ಅಲ್ವಾ ನೀವು? ಒಬ್ಬರಿಗಾದರೂ ಬೇಡ ಅಂತ ಹೇಳ್ಲಿಕ್ಕೆ ಬಾಯಿ ಇಲ್ವಾ ಈ ಮನೆಯಲ್ಲಿ?"

ಹೆಂಡತಿ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಮಗಳು ಅಳತೊಡಗಿದಳು. ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ, ಸದ್ದು ಮಾಡಿ.

"ಬೇಡ ಅಪ್ಪ" ಎಂದಳು. "ಬೇಡ. ಒಂದು ವರ್ಷದಿಂದ ನನಗೆ ನಿದ್ದೆ ಇಲ್ಲ. ಅವಳನ್ನು ಕಾರಲ್ಲಿ ಕರಕೊಂಡು ಹೋಗ್ಬೇಡಿ. ನೀವೂ ಹೋಗ್ಬೇಡಿ."

ಅವಳು ಹುಟ್ಟಿದಂದಿನಿಂದ ನನಗೆ ಬೇಡ ಎಂದದ್ದು ಅದೇ ಮೊದಲು. ಎಲ್ಲಿ ಓದಬೇಕು, ಏನು ಓದಬೇಕು, ಎಲ್ಲ ನಾನು ಹೇಳಿದ್ದಕ್ಕೇ ಆಯ್ತು ಎಂದವಳು. ನನ್ನ ಕಣ್ಣೂ ತುಂಬಿತು, ಎರಡೂ ಬದಿ ಸಮನಾಗಿ. ಕಾರಿನ ಕೀಲಿಯನ್ನು ಕಿಸೆಯಿಂದ ತೆಗೆದು ಅಳಿಯನ ತಟ್ಟೆಯ ಹತ್ತಿರ ಇಟ್ಟೆ. ಅವನು ಅದನ್ನು ಮುಟ್ಟದೆ ನನ್ನ ಮುಖ ನೋಡಿದ. "ತೆಗೊಳ್ಳಿ ಮಾರಾಯ್ರೆ, ಕೈಗೆ ಅನ್ನ ಮೆತ್ತಿದ್ರೂ ಅಡ್ಡಿಯಿಲ್ಲ" ಎಂದೆ. ಹೆಂಡತಿ ಎಲ್ಲರಿಗೂ ಮಜ್ಜಿಗೆ ಬಡಿಸಿದಳು.

ಸುಳ್ಯದ ಅಂಗಡಿಯನ್ನು ಇನ್ನು ಹತ್ತೂವರೆಗೆ ತೆರೆಯುವುದೆಂದು ಅಳಿಯ ಆ ಸಂಜೆಯೇ ಒಂದು ಬೋರ್ಡು ಪ್ರಿಂಟ್ ಮಾಡಿಕೊಂಡು ಬಂದ. ಮರುದಿನ ಬೆಳಿಗ್ಗೆ ಅವನು ಸ್ಟೇರಿಂಗ್ ಹಿಡಿದ, ನಾನು ಎಡಗಡೆಯ ಸೀಟಿನಲ್ಲಿ ಕೂತೆ. ಮಗು ಹಿಂದೆ ಅಜ್ಜಿಯ ಒಟ್ಟಿಗೆ ಕೂತು, ಯಾರು ಓಡಿಸುತ್ತಾರೆಂಬುದನ್ನು ಗಮನಿಸದೆ ಅಜ್ಜನ ಕಾರು ಎಂದೇ ಕೂಗುತ್ತಿತ್ತು.

ಗೇಟಿನ ಕಂಬ ದಾಟುವ ಮೊದಲೇ ನಾನು ಶುರುಮಾಡಿದೆ. ಬಲಕ್ಕೆ ಸ್ವಲ್ಪ ಹಿಡಿಯಿರಿ. ಸೆಕೆಂಡ್ ಗೇರಿಗೆ ಇಷ್ಟು ಬೇಗ ಹಾಕುವುದಲ್ಲ. ಈ ಏರಿನಲ್ಲಿ ಹಾರ್ನ್ ಮಾಡಿಯೇ ಹೋಗಬೇಕು. ಆ ಬಸ್ಸಿನವನನ್ನು ನಂಬಬೇಡಿ. ತಿರುವಿನಲ್ಲಿ ಬ್ರೇಕು ಹೀಗೆ ಒತ್ತುವುದಲ್ಲ, ನಾನು ಇಪ್ಪತ್ತು ವರ್ಷ ಓಡಿಸಿದವನು.

ಅಳಿಯ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅವನ ಕಿವಿ ಕೆಂಪಾಯಿತು.

"ಮಾವ" ಎಂದ, "ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ."

ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಮುಂದಕ್ಕೆ ಬಾಗಿದಳು. ಶಾಲೆ ಇನ್ನೂ ನಾಲ್ಕು ಕಿಲೋಮೀಟರ್ ದೂರ ಇತ್ತು.

"ಆಯ್ತು" ಎಂದೆ.